ಕತ್ತೆ ಮೇಲೆ ಕೂತ ತಾತ

ಮಗಳಿಗೆ ಆಗ ನಾಲ್ಕು ವರ್ಷ. ಒಹಾಯೊದಲ್ಲಿ ಭಾನುವಾರ ಬೆಳಗ್ಗೆ ಒಂಬತ್ತು ಗಂಟೆ ಅಂದರೆ ತಿಪಟೂರಿನಲ್ಲಿ ಸಂಜೆ ಆರೂವರೆ. ಅಮ್ಮ ವೀಡಿಯೊ ಕಾಲ್ ಮಾಡಿದ್ದಳು, ಎಂದಿನಂತೆ ಪರದೆ ತುಂಬ ಅವಳ ಹಣೆ ಮತ್ತು ಮೇಲಿನ ಫ್ಯಾನು. ಇವಳು "ಅಜ್ಜಿ, ತಾತ ಎಲ್ಲಿ?" ಅಂದಳು. "ತಾತ ಕಟ್ಟೆ ಮೇಲೆ ಕೂತಿದ್ದಾರೆ ಪುಟ್ಟಿ, ಈಗ ಬರ್ತಾರೆ" ಅಂದಳು ಅಮ್ಮ. ಮಗಳು ನನ್ನ ಕಡೆ ತಿರುಗಿದಳು. ಕಣ್ಣು ಇಷ್ಟಗಲ. "ಅಮ್ಮಾ, ತಾತ ಕತ್ತೆ ಮೇಲೆ ಕೂತಿದ್ದಾರಂತೆ!"

ಎಲ್ಲರೂ ನಕ್ಕೆವು. ಅಪ್ಪ ಬಂದ ಮೇಲೆ ಅವರಿಗೂ ಹೇಳಿ ಇನ್ನೊಮ್ಮೆ ನಕ್ಕೆವು. ಕಾಲ್ ಮುಗಿದ ಮೇಲೆ ನಾನು ಅವಳನ್ನು ಮುಂದೆ ಕೂರಿಸಿಕೊಂಡು, ನಿಧಾನವಾಗಿ, "ಕತ್ತೆ… ಕಟ್ಟೆ" ಅಂದೆ. ಅವಳು ತಾಳ್ಮೆಯಿಂದ "ಕತ್ತೆ, ಕತ್ತೆ" ಅಂದಳು. ಅಲ್ಲ, ಅವಳು ಅಂದದ್ದು ಕತ್ತೆಯೂ ಅಲ್ಲ, ಕಟ್ಟೆಯೂ ಅಲ್ಲ, ಎರಡರ ನಡುವಿನ ಇನ್ನೇನೋ. ಇನ್ನೊಂದು ಸಲ ಹೇಳಿದೆ. ಆಗ ಅವಳು ಕೇಳಿದ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ: "ಅಮ್ಮ, ನೀನು ಯಾಕೆ ಒಂದನ್ನೇ ಎರಡು ಸಲ ಹೇಳ್ತಾ ಇದೀಯ?"

ನಾಲಿಗೆ ತಿರುಗುತ್ತಿಲ್ಲ ಅಂತ ನಾನು ಅಂದುಕೊಂಡಿದ್ದೆ. ನಾಲಿಗೆ ಇರಲಿ, ಅವಳಿಗೆ ಅದು ಕೇಳಿಸುತ್ತಲೇ ಇರಲಿಲ್ಲ. ಹಳ್ಳಿ ಹಲ್ಲಿಯಾಗಿತ್ತು, ಕಾಳು ಕಾಲಾಗಿತ್ತು, ಊಟಕ್ಕೆ ಕೂತಾಗ "ಹುಲಿ ಬೇಕು" ಅನ್ನುತ್ತಿದ್ದಳು, ಅವರಪ್ಪ "ಹುಲಿ ಖಾಲಿ, ಸಾರಿದೆ" ಅನ್ನುತ್ತಿದ್ದರು. ತಮಾಷೆಯೇ. ಆದರೆ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ ನನ್ನ ಬಾಯಿಂದ ಬರುವ ಎರಡು ಶಬ್ದ ಒಂದೇ ಆಗಿ ಕೇಳುತ್ತದೆ ಅನ್ನುವುದು ರಾತ್ರಿ ಮಲಗಿದಾಗ ತಮಾಷೆ ಅನಿಸುತ್ತಿರಲಿಲ್ಲ.

ಮಗುವನ್ನು ಕೇಳುವುದು ಹೇಗೆ

ಇದನ್ನು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಅವರ ಕೆಲಸ. ಕೆನಡಾದ ವ್ಯಾಂಕೂವರ್‌ನಲ್ಲಿ 1980ರ ದಶಕದ ಮೊದಲಲ್ಲಿ ನಡೆದದ್ದು. ಮಕ್ಕಳ ಮನಶ್ಶಾಸ್ತ್ರ ಓದುವವರಿಗೆಲ್ಲ ಗೊತ್ತಿರುವ ಪ್ರಯೋಗವಂತೆ, ನನಗೆ ಗೊತ್ತಿರಲಿಲ್ಲ. ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಯಾಕೆಂದರೆ ಅವರು ಆರಿಸಿಕೊಂಡಿದ್ದ ಶಬ್ದಗಳು ಹಿಂದಿಯ ತ ಮತ್ತು ಟ. ಅಂದರೆ ನಮ್ಮ ಮನೆಯ ಕತ್ತೆ, ಕಟ್ಟೆಯೇ!

ಮೊದಲು ಅವರು ದೊಡ್ಡವರನ್ನೂ ಏಳು ತಿಂಗಳಿನ ಆಸುಪಾಸಿನ ಮಕ್ಕಳನ್ನೂ ಪರೀಕ್ಷಿಸಿದರು. ಇಂಗ್ಲಿಷ್ ಮಾತಾಡುವ ದೊಡ್ಡವರಿಗೆ ತ, ಟ ಬೇರೆ ಅಂತ ಗೊತ್ತಾಗಲಿಲ್ಲ. ಇಂಗ್ಲಿಷ್ ಮನೆಯ ಮಕ್ಕಳಿಗೆ ಗೊತ್ತಾಯಿತು. ಹಿಂದಿಯ ಒಂದು ಮಾತನ್ನೂ ಕೇಳದ ಮಕ್ಕಳಿಗೆ! ಹಾಗಾದರೆ ಇದು ಯಾವಾಗ ಹೋಗುತ್ತದೆ? ಹರೆಯ ಬರುವ ಹೊತ್ತಿಗೆ ಇರಬಹುದು ಅನ್ನುವುದು ಆಗಿನ ಊಹೆ. ಹನ್ನೆರಡು ವರ್ಷದವರನ್ನು ಕೂರಿಸಿ ನೋಡಿದರು, ಎಂಟು ವರ್ಷದವರನ್ನು ನೋಡಿದರು, ನಾಲ್ಕು ವರ್ಷದವರನ್ನೂ ನೋಡಿದರು. ನಾಲ್ಕು ವರ್ಷದವರಿಗೂ ಆಗಲಿಲ್ಲ. (ನನ್ನ ಮಗಳ ವಯಸ್ಸು. ಇಲ್ಲಿ ನಾನು ಓದುವುದನ್ನು ನಿಲ್ಲಿಸಿ ಕಾಫಿ ಮಾಡಿಕೊಂಡೆ.) ಕೆಳಕೆಳಗೆ ಹೋಗಿ ಕೊನೆಗೆ ಅವರು ತಲುಪಿದ್ದು ಮೊದಲ ವರ್ಷದ ಒಳಕ್ಕೆ. 1984ರ ಅವರ ಲೇಖನದ ಪ್ರಕಾರ ಆರರಿಂದ ಎಂಟು ತಿಂಗಳಲ್ಲಿ ಹೆಚ್ಚಿನ ಮಕ್ಕಳಿಗೆ ವ್ಯತ್ಯಾಸ ಕೇಳುತ್ತದೆ. ಎಂಟರಿಂದ ಹತ್ತರಲ್ಲಿ ಕಡಿಮೆಯಾಗುತ್ತದೆ. ಹತ್ತರಿಂದ ಹನ್ನೆರಡರ ಹೊತ್ತಿಗೆ ಹೆಚ್ಚುಕಡಿಮೆ ಮುಗಿದಿರುತ್ತದೆ. ಹಿಂದಿ ಮನೆಯ ಕೆಲವೇ ಮಕ್ಕಳನ್ನು ಅವರು ನೋಡಿದ್ದು, ಆದರೆ ಆ ಮಕ್ಕಳಿಗೆ ವರ್ಷ ತುಂಬುವಾಗಲೂ ಅದು ಚೆನ್ನಾಗಿ ಕೇಳುತ್ತಿತ್ತು.

ಮಾತೇ ಬಾರದ ಮಗುವನ್ನು ಇದೆಲ್ಲ ಕೇಳುವುದಾದರೂ ಹೇಗೆ ಅಂತ ನಿಮಗೂ ಅನಿಸಿರಬಹುದು. ಈ ವಿಜ್ಞಾನದ ಅರ್ಧ ಜಾಣತನ ಇರುವುದು ಅಲ್ಲೇ. ನಮಗೆ ಹತ್ತಿರದ ಕ್ಲೀವ್‌ಲ್ಯಾಂಡ್‌ನಲ್ಲಿ ರಾಬರ್ಟ್ ಫ್ಯಾಂಟ್ಜ್ ಅನ್ನುವವರು ಮಗುವನ್ನು ಅಂಗಾತ ಮಲಗಿಸಿ, ಮೇಲೆ ಎರಡು ಚಿತ್ರ ಇಟ್ಟು, ಸಣ್ಣ ಕಿಂಡಿಯಿಂದ ಅದರ ಕಣ್ಣು ಎಲ್ಲಿದೆ ಅಂತ ನೋಡುತ್ತಿದ್ದರು. ಒಂದನ್ನು ಜಾಸ್ತಿ ಹೊತ್ತು ನೋಡಿದರೆ ಎರಡೂ ಬೇರೆ ಅಂತ ಅದಕ್ಕೆ ಗೊತ್ತು ಅಂತಲೇ ಅರ್ಥ. ಅಷ್ಟೇ. 1960ರ ಆಸುಪಾಸಿನವರೆಗೂ ಹಸುಗೂಸಿಗೆ ಸರಿಯಾಗಿ ಏನೂ ಕಾಣುವುದಿಲ್ಲ ಅಂತ ಎಷ್ಟೋ ವೈದ್ಯರೇ ನಂಬಿದ್ದರು. 1971ರಲ್ಲಿ ಪೀಟರ್ ಐಮಾಸ್ ಮತ್ತು ಜೊತೆಗಾರರು ಒಂದು ತಿಂಗಳ ಮಕ್ಕಳ ಬಾಯಿಗೆ ನಿಪ್ಪಲ್ ಕೊಟ್ಟು "ಬ ಬ ಬ" ಕೇಳಿಸಿದರು. ಮೊದಮೊದಲು ಮಗು ಜೋರಾಗಿ ಚೀಪುತ್ತದೆ, ಆಮೇಲೆ ಬೇಜಾರಾಗಿ ನಿಧಾನ ಮಾಡುತ್ತದೆ. ಆಗ "ಪ" ಬಂತು, ಚೀಪುವುದು ಮತ್ತೆ ಜೋರಾಯಿತು. ಮಗು ಬೇಜಾರಾಗುವುದನ್ನೇ ಅಳತೆಗೋಲು ಮಾಡಿಕೊಂಡರಲ್ಲ ಅಂತ ನನಗೆ ಇದು ತುಂಬ ಇಷ್ಟ.

ವರ್ಕರ್ ಬಳಸಿದ್ದು ತಲೆ ತಿರುಗಿಸುವ ಉಪಾಯ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ, ಮುಂದೆ ಹೇಳುತ್ತೇನೆ.

ಆರು ತಿಂಗಳ ವೀಸಾ

ಲೆಕ್ಕ ಹಾಕಿದಾಗ ಎದೆ ಧಸಕ್ ಅಂದಿತು. ಮಗಳು ಹುಟ್ಟಿದಾಗ ಅಮ್ಮ ಬಾಣಂತನಕ್ಕೆ ಬಂದಿದ್ದಳು. ಇಲ್ಲಿ ಹೆತ್ತ ನಮ್ಮವರ ಮನೆಗಳಲ್ಲೆಲ್ಲ ಇದೇ ಕಥೆ. ಪ್ರವಾಸದ ವೀಸಾದಲ್ಲಿ ಬಂದವರಿಗೆ ಇರಲು ಬಿಡುವುದು ಸಾಮಾನ್ಯವಾಗಿ ಆರು ತಿಂಗಳು. ಹೆರಿಗೆಗೆ ಹದಿನೈದು ದಿನ ಮುಂಚೆ ಬಂದು ಇಳಿಯುತ್ತಾರೆ. ಸೂಟ್‌ಕೇಸಿನಲ್ಲಿ ಅಂಟಿನುಂಡೆ, ಓಮ, ಹಳೆಯ ಪಂಚೆಯ ಮೆತ್ತನೆ ಬಟ್ಟೆ. ಅಮ್ಮ ಬಾತ್‌ಟಬ್ಬಿನ ಅಂಚಿನಲ್ಲಿ ಕೂತು, ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. ಮೊದಲ ದಿನ ಸಾಂಬ್ರಾಣಿ ಹಾಕಿದಾಗ ಹೊಗೆಯ ಅಲಾರಾಂ ಹೊಡೆದುಕೊಂಡು ಇಡೀ ಅಪಾರ್ಟ್‌ಮೆಂಟು ಎದ್ದಿತು. ಆಮೇಲಿಂದ ನನ್ನ ಗಂಡ ಅದರ ಕೆಳಗೆ ರಟ್ಟು ಹಿಡಿದು ಬೀಸುತ್ತಾ ನಿಲ್ಲುತ್ತಿದ್ದರು.

ಆ ಆರು ತಿಂಗಳು ಮನೆ ತುಂಬ ಟಕಾರ, ಳಕಾರ. ನೀವೂ ಒಂದು ಸಲ ಗಮನಿಸಿ ನೋಡಿ, ನಾವು ಮಕ್ಕಳ ಮೇಲೆ ಸುರಿಯುವ ಮಾತೆಲ್ಲ ಅದೇ. ಪುಟ್ಟ, ಪುಟ್ಟಿ, ಗುಂಡ, ಕಳ್ಳಿ, ಬೊಟ್ಟು ಇಡೋಣ, ಅಳಬೇಡ, ಎಲ್ಲಿ ಕಾಲು, ಎಲ್ಲಿ ಬಳೆ, ಮುತ್ತು ಕೊಡು, ಮುಟ್ಬೇಡ. ಮಗುವಿಗೆ ಐದೂವರೆ ತಿಂಗಳಾದಾಗ ಅಮ್ಮ ವಾಪಸ್ ಹೊರಟಳು. ಏರ್‌ಪೋರ್ಟಿನಲ್ಲಿ ಅತ್ತಳು. ನಾನು ಕೆಲಸಕ್ಕೆ ಸೇರಿದೆ, ಮಗಳು ಡೇಕೇರಿಗೆ ಸೇರಿದಳು. ಅಲ್ಲಿ ಯಾರೋ ಒಬ್ಬರು, ಒಳ್ಳೆಯ ಮನಸ್ಸಿನಿಂದಲೇ, "ಎರಡು ಭಾಷೆ ಮಾತಾಡಿ ಮಗುವಿಗೆ ಗೊಂದಲ ಮಾಡಬೇಡಿ" ಅಂದರು. ಮೊದಲ ಮಗು, ಹೆದರಿಕೆ ಬೇರೆ. ಮನೆಯಲ್ಲೂ ಇಂಗ್ಲಿಷ್ ಶುರು ಮಾಡಿದೆವು.

ಅಂದರೆ ಶಬ್ದಗಳ ಬಾಗಿಲು ಮುಚ್ಚುತ್ತಾ ಬರುವ ಆ ಆರರಿಂದ ಹನ್ನೆರಡು ತಿಂಗಳ ಹೊತ್ತಿಗೆ ಸರಿಯಾಗಿ ಅಮ್ಮ ವಿಮಾನ ಹತ್ತಿದ್ದಳು, ನಾನು ಬಾಯಿ ಮುಚ್ಚಿಕೊಂಡಿದ್ದೆ. ವೀಸಾ ನಿಯಮ ಮಾಡಿದವರಿಗೂ ವ್ಯಾಂಕೂವರಿನ ಪ್ರಯೋಗಕ್ಕೂ ಸಂಬಂಧವಿಲ್ಲ. ಆದರೂ ಎರಡನ್ನೂ ಒಂದೇ ಕ್ಯಾಲೆಂಡರಿನಲ್ಲಿ ಇಟ್ಟು ನೋಡಿದರೆ ಯಾರೋ ಬೇಕಂತಲೇ ಮಾಡಿದ ಹಾಗಿದೆ. ಗೊಂದಲದ ಮಾತೂ ಸುಳ್ಳೇ ಅನ್ನಿ. ಗರ್ಭದಲ್ಲಿ ಎರಡು ಭಾಷೆ ಕೇಳಿ ಹುಟ್ಟಿದ ಮಕ್ಕಳು ಆ ಎರಡನ್ನೂ ಬೇರೆ ಬೇರೆ ಅಂತ ಗುರುತಿಸುವುದನ್ನು ಇದೇ ವರ್ಕರ್ ಮತ್ತು ಜೊತೆಗಾರರು 2010ರಲ್ಲಿ ತೋರಿಸಿದರು, ಇಂಗ್ಲಿಷ್ ಮತ್ತು ಫಿಲಿಪೀನ್ಸಿನ ಟಗಲಾಗ್ ಮಾತಾಡುವ ತಾಯಂದಿರ ಮಕ್ಕಳಲ್ಲಿ.

ನನ್ನ ಕಿವಿಯ ಕಥೆ

ಇಷ್ಟೆಲ್ಲ ಓದಿ ನಾನು ಮಗಳ ಕಿವಿಯ ಬಗ್ಗೆ ಮರುಗುತ್ತಿದ್ದಾಗ ಮಗಳೇ ನನಗೆ ಒಂದು ಪರೀಕ್ಷೆ ಇಟ್ಟಳು. ಆಗ ಅವಳಿಗೆ ಆರು ವರ್ಷ ಇರಬೇಕು. ನನ್ನ ಇಂಗ್ಲಿಷ್ ಅವಳಿಗೆ ದಿನವೂ ನಗು. ಅಡುಗೆಮನೆಯಲ್ಲಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಕಣ್ಣು ಮುಚ್ಚು ಅಂದಳು. ದನಕರುಗಳ ಡಾಕ್ಟರಿಗೆ ಇಂಗ್ಲಿಷಿನಲ್ಲಿ ವೆಟ್. ಒದ್ದೆಗೂ ವೆಟ್. ನೋಡಿ, ಕನ್ನಡದಲ್ಲಿ ಬರೆಯಲು ಹೋದರೆ ನನಗೆ ಎರಡಕ್ಕೂ ಅಕ್ಷರ ಒಂದೇ! ಮೊದಲಿನದಕ್ಕೆ ಹಲ್ಲು ತುಟಿಗೆ ತಾಗಬೇಕು, ಎರಡನೆಯದಕ್ಕೆ ತುಟಿ ದುಂಡಗಾಗಬೇಕು. ನಮಗೆ ಇರುವುದು ಒಂದೇ ವ, ಅದು ಎರಡರ ಮಧ್ಯೆ ಎಲ್ಲೋ ಇದೆ.

ಅವಳು ಹತ್ತು ಸಲ ಹೇಳಿದಳು. "ಡಾಕ್ಟರಾ, ಒದ್ದೆಯಾ?" ನಾನು ಐದು ಸರಿ ಹೇಳಿದೆ. ಟಾಸ್ ಹಾಕಿದ್ದರೂ ಅಷ್ಟೇ ಬರುತ್ತಿತ್ತು. ಇನ್ನೊಂದು ಹತ್ತು ಹೇಳು ಅಂದೆ, ಆರು ಬಂತು. ಇಪ್ಪತ್ತು ವರ್ಷದಿಂದ ಇಂಗ್ಲಿಷಿನಲ್ಲಿ ಸಂಬಳ ತೆಗೆದುಕೊಳ್ಳುತ್ತಿದ್ದೇನೆ. ಕೊನೆಗೆ ಅವಳು ಕನಿಕರದಿಂದ ನನ್ನ ಕೆನ್ನೆ ಮುಟ್ಟಿ, ತುಟಿ ನೋಡಿಕೊಂಡರೆ ಸುಲಭ ಅಮ್ಮ, ಅಂದಳು. ಅವತ್ತು ನನಗೆ ಮೊದಲ ಸಲ ಗೊತ್ತಾಯಿತು, ಕೇಳದವರಿಗೆ ಏನೋ ಕಳೆದುಹೋಗಿದೆ ಅಂತ ಅನಿಸುವುದೇ ಇಲ್ಲ. ಅಲ್ಲಿ ಒಂದೇ ವಸ್ತು ಇದೆ ಅಂತ ಪೂರ್ತಿ ಖಾತ್ರಿ ಇರುತ್ತದೆ. ಎರಡಿದೆ ಅನ್ನುವವರೇ ವಿಚಿತ್ರ.

ಇದು ಯಾಕೆ ಹೀಗೆ ಅಂದರೆ, ಮಗು ಲೆಕ್ಕ ಇಡುತ್ತದೆ. ಕನ್ನಡ ಮನೆಯಲ್ಲಿ ಹಲ್ಲಿಗೆ ತಾಗುವ ತ ರಾಶಿ ಒಂದು ಕಡೆ, ನಾಲಿಗೆ ಹಿಂದಕ್ಕೆ ಮಡಚುವ ಟ ರಾಶಿ ಇನ್ನೊಂದು ಕಡೆ. ನಡುವೆ ಹೆಚ್ಚೇನೂ ಇಲ್ಲ. ಇಂಗ್ಲಿಷಿನ ಟ ಇರುವುದು ಸರಿಯಾಗಿ ಆ ನಡುವಿನ ಜಾಗದಲ್ಲಿ, ಒಸಡಿನ ಮೇಲೆ. ನಾವು ಅದನ್ನು ನಮ್ಮ ಟ ರಾಶಿಗೆ ಎಸೆದು ಟೇಬಲ್, ಟಿಕೆಟ್ ಅಂತ ಬರೆದುಕೊಂಡಿದ್ದೇವೆ. ಇಂಗ್ಲಿಷ್ ಮಗು ನಡುವಿನದ್ದೊಂದೇ ರಾಶಿ ಕಂಡು, ಎರಡೂ ಬದಿಯದನ್ನು ಅದಕ್ಕೇ ಸೇರಿಸಿಕೊಳ್ಳುತ್ತದೆ. 2002ರಲ್ಲಿ ಜೆಸ್ಸಿಕಾ ಮೇ, ವರ್ಕರ್ ಮತ್ತು ಲೂಆನ್ ಗರ್ಕನ್ ಇದನ್ನು ಪ್ರಯೋಗ ಮಾಡಿಯೇ ತೋರಿಸಿದರು. ಕೆಲವು ಮಕ್ಕಳಿಗೆ ಒಂದೇ ರಾಶಿಯಾಗುವಂತೆ, ಕೆಲವರಿಗೆ ಎರಡು ರಾಶಿಯಾಗುವಂತೆ ಶಬ್ದಗಳನ್ನು ಕೆಲವೇ ನಿಮಿಷ ಕೇಳಿಸಿದರು. ಎರಡು ರಾಶಿ ಕೇಳಿದ ಮಕ್ಕಳಿಗಷ್ಟೇ ಆಮೇಲೆ ವ್ಯತ್ಯಾಸ ಕೇಳಿಸಿತು.

ಇಲ್ಲಿ ಒಂದು ಅಡ್ಡಮಾತು. ನಾನು ಓದಿದ ಶಾಲೆಯಲ್ಲಿ ಒಬ್ಬ ಹುಡುಗ "ಆಲು ಕುಡ್ದೆ" ಅಂದಿದ್ದಕ್ಕೆ ಮೇಷ್ಟ್ರು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿ, "ಹಾಲು, ಹಾಲು, ಹಕ್ಕಿ, ಅಕ್ಕಿ" ಅಂತ ಅರ್ಧ ಗಂಟೆ ಹೇಳಿಸಿದರು. ಅವನು ಕೊನೆಗೆ ಅನ್ನದ ಅಕ್ಕಿಗೂ ಹ ಸೇರಿಸಿದ. ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ. ಅವನ ಮನೆಯ ಕನ್ನಡದಲ್ಲಿ ಮಾತಿನ ಮೊದಲಿಗೆ ಹ ಇರಲಿಲ್ಲ, ಅಷ್ಟೇ. ಹಾಗೆ ನೋಡಿದರೆ ನಮ್ಮಲ್ಲಿ ಎಷ್ಟು ಜನ ದಿನದ ಮಾತಿನಲ್ಲಿ ಶ, ಷ ಬೇರೆ ಮಾಡಿ ಹೇಳುತ್ತೇವೆ? ಮಹಾಪ್ರಾಣ? ಅವನ್ನೆಲ್ಲ ನಾವು ಕಿವಿಯಿಂದ ಕಲಿತದ್ದಲ್ಲ, ಕಾಗುಣಿತದ ಪುಸ್ತಕದಿಂದ ಕಲಿತದ್ದು. ಆ ಹುಡುಗನನ್ನು ನೆನೆದರೆ ಈಗ ನಾಚಿಕೆ ಆಗುತ್ತದೆ.

ಎರಡನೇ ಸಲ

ಎರಡನೇ ಬಸುರಿಯಲ್ಲಿ ನಾನು ವಿಜ್ಞಾನ ಓದಿಕೊಂಡವಳು. ಅಮ್ಮನಿಗೆ ಫೋನ್ ಮಾಡಿ, ಹೆರಿಗೆಗೆ ಬರಬೇಡ, ಮಗುವಿಗೆ ಆರು ತಿಂಗಳಾದ ಮೇಲೆ ಬಾ, ಆಗ ನಿನ್ನ ಮಾತು ಜಾಸ್ತಿ ಕೆಲಸಕ್ಕೆ ಬರುತ್ತದೆ ಅಂತ ವಿವರಿಸಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಬಾಣಂತನಕ್ಕೆ ಬರಬೇಡ ಅಂತ ಹೆತ್ತ ತಾಯಿಗೆ ಹೇಳ್ತೀಯಲ್ಲೇ, ನಿಂಗೇನಾದ್ರೂ ಬುದ್ಧಿ ಇದ್ಯಾ? ಸೊಂಟ ಹಿಡ್ಕೊಂಡ್ರೆ ಆ ಪೇಪರ್ ಬಂದು ಎಣ್ಣೆ ಹಚ್ಚುತ್ತಾ?" ಬಂದಳು. ಹೆರಿಗೆಗೆ ಹದಿನೈದು ದಿನ ಮುಂಚೆ, ಅಂಟಿನುಂಡೆ ಸಮೇತ. ನನಗೂ ಅವಳು ಬೇಕಿತ್ತು, ಸುಳ್ಳು ಯಾಕೆ ಹೇಳಲಿ. ಹುಡುಗನಿಗೆ ಐದೂವರೆ ತಿಂಗಳಾದಾಗ ಹೊರಟಳು.

ಈ ಸಲ ನಾನು ಬಾಯಿ ಮುಚ್ಚಲಿಲ್ಲ. ಅಡುಗೆ ಮಾಡುವಾಗ, ಬಟ್ಟೆ ಮಡಚುವಾಗ, ಕಾರಿನಲ್ಲಿ, ಹುಚ್ಚಿಯ ಹಾಗೆ ಮಾತಾಡುತ್ತಿದ್ದೆ. "ಇದು ಬಟಾಣಿ ಕಾಳು, ಇದು ಬಟ್ಟಲು, ಇದು ನಿನ್ನ ಕಾಲು." ದಿನಕ್ಕೆ ಒಂದು ಗಂಟೆ ಅಜ್ಜಿಯ ವೀಡಿಯೊ. ಅದರ ಬಗ್ಗೆ ಮಾತ್ರ ನನಗೆ ಅನುಮಾನ ಇತ್ತು. ಕಾರಣ ಸಿಯಾಟಲ್‌ನ ಪೆಟ್ರೀಷಿಯಾ ಕೂಲ್ ಅವರ 2003ರ ಪ್ರಯೋಗ. ಒಂಬತ್ತು ತಿಂಗಳ ಅಮೆರಿಕನ್ ಮಕ್ಕಳ ಜೊತೆ ಚೀನೀ ಮ್ಯಾಂಡರಿನ್ ಮಾತಾಡುವವರು ನೆಲದ ಮೇಲೆ ಕೂತು ಆಟವಾಡಿದರು, ಪುಸ್ತಕ ಓದಿದರು. ಒಟ್ಟು ಹನ್ನೆರಡು ಸಲ, ಸಲಕ್ಕೆ ಇಪ್ಪತ್ತೈದು ನಿಮಿಷ. ಆ ಮಕ್ಕಳು ಮ್ಯಾಂಡರಿನ್ನಿನ ಶಬ್ದ ಹಿಡಿದರು. ಅದೇ ಜನ, ಅದೇ ಮಾತು, ಆದರೆ ಟೀವಿಯಲ್ಲಿ ನೋಡಿದ ಮಕ್ಕಳು? ಏನೂ ಹಿಡಿಯಲಿಲ್ಲ. ಅಂದರೆ ಮಗು ಇಡುವ ಲೆಕ್ಕಕ್ಕೆ ಎಲ್ಲ ಶಬ್ದವೂ ಸೇರುವುದಿಲ್ಲ. ಯಾರು ಹೇಳಿದರು, ನನ್ನ ಕಣ್ಣು ನೋಡಿ ಹೇಳಿದರಾ, ಅದೂ ಸೇರುತ್ತದೆ. ಅಮ್ಮನೋ ಕಣ್ಣು ನೋಡುವುದಿರಲಿ, ಮುಖವನ್ನೇ ಪರದೆಯೊಳಗೆ ಇಡುವುದಿಲ್ಲ. ಸ್ವಲ್ಪ ದೊಡ್ಡ ಮಕ್ಕಳು, ಎರಡರಿಂದ ಎರಡೂವರೆ ವರ್ಷದವರು, ಎದುರಾಎದುರು ಮಾತಾಡುವ ವೀಡಿಯೊ ಕಾಲಿನಲ್ಲಿ ಹೊಸ ಮಾತು ಕಲಿತದ್ದನ್ನು 2014ರ ಇನ್ನೊಂದು ಅಧ್ಯಯನ ತೋರಿಸಿದೆ. ಮೊದಲೇ ರೆಕಾರ್ಡ್ ಮಾಡಿದ ವೀಡಿಯೊದಿಂದ ಕಲಿಯಲಿಲ್ಲ. ಅದನ್ನು ಓದಿ "ಅಮ್ಮ, ಫೋನ್ ಸ್ವಲ್ಪ ಕೆಳಗೆ ಇಳಿಸು" ಅನ್ನುವುದನ್ನು ದಿನಕ್ಕೆ ಹತ್ತು ಸಲ ಮಾಡಿದೆ.

ಹುಡುಗನಿಗೆ ಹತ್ತು ತಿಂಗಳಾದಾಗ ಇಲ್ಲಿನ ಒಂದು ವಿಶ್ವವಿದ್ಯಾಲಯದವರ ಮಕ್ಕಳ ಲ್ಯಾಬಿಗೆ ಹೋಗಿದ್ದೆವು. ಸಣ್ಣ ಕೋಣೆ. ನನ್ನ ತೊಡೆಯ ಮೇಲೆ ಮಗು. ನಾನು ಗೊತ್ತಿಲ್ಲದೆ ಸನ್ನೆ ಮಾಡಿಬಿಡಬಾರದು ಅಂತ ನನ್ನ ಕಿವಿಗೆ ಹೆಡ್‌ಫೋನು, ಅದರಲ್ಲಿ ಹಾಡು. ಎದುರಿಗೆ ಒಬ್ಬ ಹುಡುಗಿ ಕೂತು ಸುಮ್ನೆ ಆಟಿಕೆ ಆಡಿಸುತ್ತಾ ಅವನ ಗಮನ ಹಿಡಿದಿರುತ್ತಾಳೆ. ಪಕ್ಕದ ಸ್ಪೀಕರಿನಲ್ಲಿ ಒಂದೇ ಶಬ್ದ ಮತ್ತೆ ಮತ್ತೆ. ಶಬ್ದ ಬದಲಾದಾಗ ಆ ಕಡೆ ತಿರುಗಿದರೆ ಕಪ್ಪು ಗಾಜಿನ ಪೆಟ್ಟಿಗೆಯೊಳಗೆ ದೀಪ ಹತ್ತಿ ಒಂದು ಕರಡಿ ಡೋಲು ಬಡಿಯುತ್ತದೆ. ಮಗುವಿಗೆ ಇದು ಬೇಗ ಗೊತ್ತಾಗಿಬಿಡುತ್ತದೆ: ಬದಲಾದರೆ ಕರಡಿ. ನನ್ನ ಮಗ ನಾಲ್ಕೈದು ಸಲ ತಿರುಗಿದ. ಸರಿಯಾದ ಹೊತ್ತಿಗೋ, ಸುಮ್ನೆಯೋ, ನನಗೆ ಹೇಗೆ ಗೊತ್ತಾಗಬೇಕು, ನನ್ನ ಕಿವಿಯಲ್ಲಿ ಗಿಟಾರು. ಆಮೇಲೆ ಅವನು ಅತ್ತ. ಒಂದೊಂದು ಮಗುವಿನ ಫಲಿತಾಂಶ ಅವರು ಹೇಳುವುದಿಲ್ಲ, ಎಲ್ಲ ಮಕ್ಕಳದ್ದು ಸೇರಿಸಿದರೇ ಅರ್ಥ. ಅವನಿಗೆ ಒಂದು ಟೀ ಶರ್ಟ್ ಕೊಟ್ಟು ಕಳಿಸಿದರು.

ನನಗೆ ತಡೆಯಲಿಲ್ಲ. ಮನೆಯಲ್ಲೇ ಮಾಡಿದೆ. ಕರಡಿಯ ಬದಲು ಒಂದು ಗೊಂಬೆ, ಪೆಟ್ಟಿಗೆಯ ಬದಲು ಸ್ಟೀಲ್ ಡಬ್ಬಿ. ಶಬ್ದ ಹೇಳುವ ಕೆಲಸ ಮಗಳಿಗೆ ಕೊಟ್ಟೆ. ಅವಳು ಗಂಭೀರವಾಗಿ ಶುರು ಮಾಡಿದಳು, ತ ತ ತ ತ, ಈಗ ಬದಲಾಯಿಸು ಪುಟ್ಟಿ, ತ ತ ತ. ಬದಲಾಯಿಸು! "ಬದಲಾಯಿಸಿದೆನಲ್ಲ!" ನಾನು ನಗುತ್ತಾ ನೆಲದ ಮೇಲೆ ಕೂತೆ. ಹುಡುಗ ತೆವಳಿಕೊಂಡು ಬಂದು ಡಬ್ಬಿ ಕಸಿದುಕೊಂಡು ಮುಚ್ಚಳ ಬಡಿಯತೊಡಗಿದ. ನಮ್ಮ ಮನೆಯ ಸಂಶೋಧನೆ ಅಲ್ಲಿಗೆ ಮುಗಿಯಿತು.

ಮಗಳ ವಿಷಯದಲ್ಲಿ ನಾನು ಹಿಡಿದುಕೊಂಡಿರುವುದು ವರ್ಕರ್, ಟೀಸ್ ಅವರದೇ ಇನ್ನೊಂದು ಕೆಲಸವನ್ನು. ಅದೂ 1984ರದ್ದೇ. ಹಿಂದಿ ಕಲಿಯಲು ಬಂದ ಇಂಗ್ಲಿಷ್ ಮಾತಿನ ದೊಡ್ಡವರಲ್ಲಿ ಕೆಲವರು ತೀರಾ ಎಳೆಯ ವಯಸ್ಸಿನಲ್ಲಿ, ಮೊದಲ ಒಂದೆರಡು ವರ್ಷ, ಹಿಂದಿ ಕೇಳಿದ್ದವರು. ಆಮೇಲೆ ಪೂರ್ತಿ ಬಿಟ್ಟುಹೋಗಿತ್ತು. ಅವರಿಗೆ ಕ್ಲಾಸಿನ ಆರಂಭದಲ್ಲೇ ತ, ಟ ಬೇರೆಯಾಗಿ ಕೇಳಿತು. ಎಂದೂ ಹಿಂದಿ ಕೇಳಿರದವರು ತಿಂಗಳುಗಟ್ಟಲೆ ಒದ್ದಾಡಿದರು. ಆರು ತಿಂಗಳ ಪುಟ್ಟಿ, ಗುಂಡ, ಬೊಟ್ಟು, ಬಳೆ ಎಲ್ಲೋ ಒಂದು ಕಡೆ ಕೂತಿರಬಹುದು ಅಂತ ನಾನೂ ಅಂದುಕೊಳ್ಳುತ್ತೇನೆ. ಅವಳನ್ನು ಕೂರಿಸಿಕೊಂಡು ಕತ್ತೆ ಕಟ್ಟೆ ಹೇಳಿಸುವುದನ್ನು ಮಾತ್ರ ಬಿಟ್ಟಿದ್ದೇನೆ. ಬೆಂಚಿನ ಮೇಲೆ ನಿಂತ ಆ ಹುಡುಗ ನೆನಪಾಗುತ್ತಾನೆ.

ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆವು. ಮಗಳಿಗೆ ಈಗ ಒಂಬತ್ತು. ಸಂಜೆ ಆರಾಯಿತು. ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಒಳಗಿದ್ದ ಅಮ್ಮನಿಗೆ ಕೇಳುವ ಹಾಗೆ ಕೂಗಿ ಹೇಳಿದರು: "ಕತ್ತೆ ಮೇಲೆ ಒಂದು ಗಳಿಗೆ ಕೂತು ಬರ್ತೀನಿ ಕಣೇ." ಅಮ್ಮ ಒಳಗಿಂದಲೇ "ಹೂಂ, ಬೇಗ ಇಳಿದು ಬನ್ನಿ, ಊಟ ಆರುತ್ತೆ" ಅಂದಳು. ಇಬ್ಬರೂ ನಗಲಿಲ್ಲ. ಐದು ವರ್ಷದಿಂದ ದಿನಾ ಹೀಗೇ ಹೇಳುತ್ತಾರಂತೆ. ಮಗಳು ಓಡಿಹೋಗಿ ತಾತನ ಕೈ ಹಿಡಿದುಕೊಂಡಳು.